ಹವಳ ಮಾರುವುದನ್ನು ಬಿಟ್ಟ ಅಕ್ಕ

ಹೋದ ತಿಂಗಳು ಅಕ್ಕ ತೀರಿಕೊಂಡಾಗ ಕೃಷ್ಣರಾಜಪೇಟೆಯಲ್ಲಿ ಅಕ್ಕಸಾಲಿಗರ ಸಂಘದವರು ಒಂದು ಸಭೆ ಮಾಡಿ ನನ್ನನ್ನೂ ಮಾತಾಡಲು ಕರೆದರು. ನನಗಿಂತ ಮುಂಚೆ ಎದ್ದವರು ಸಮಾಜಸೇವಕಿ, ಪರಿಸರಪ್ರೇಮಿ, ಮಮತಾಮಯಿ ಎಂದೆಲ್ಲ ಹೇಳಿ, ಹಾರ ಹಾಕಿದ ಫೋಟೋಗೆ ಕೈಮುಗಿದು ಕೂತರು. ಫೋಟೋದಲ್ಲಿ ಅಕ್ಕ ಕನ್ನಡಕದ ಮೇಲಿಂದ ನೋಡುತ್ತಿದ್ದರು, ಬೇಗ ಮುಗಿಸಿ ಎನ್ನುವ ಹಾಗೆ. ನನ್ನ ಸರದಿ ಬಂದಾಗ ಆ ದೊಡ್ಡ ಪದಗಳ ಪಕ್ಕ ಇಡಬಹುದಾದ ಒಂದು ಮಾತೂ ಹೊಳೆಯಲಿಲ್ಲ. ಏನೋ ಹೇಳಿ ಕೂತುಬಿಟ್ಟೆ. ಬಸ್ಸು ಶ್ರೀರಂಗಪಟ್ಟಣದ ಕಡೆ ಹೊರಟ ಮೇಲೆ, ಹೇಳಬೇಕಾಗಿದ್ದದ್ದೆಲ್ಲ ಒಂದೊಂದಾಗಿ ಬಂತು.

ಅಕ್ಕ ನನಗೆ ನೆಂಟರಲ್ಲ. ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು; ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಅವರ ಚಿನ್ನ ಬೆಳ್ಳಿ ಅಂಗಡಿ ನಮ್ಮ ಬೀದಿಯ ತುದಿಗಿತ್ತು. ಹುಟ್ಟಿದ್ದು ನಾಗಮಂಗಲದ ಅಕ್ಕಸಾಲಿಗರ ಮನೆಯಲ್ಲಿ, ಕೊಟ್ಟಿದ್ದು ಇಲ್ಲಿಗೆ. ಗಂಡ ಸಣ್ಣ ವಯಸ್ಸಿಗೇ ಹೋದಾಗ ಇನ್ನು ಅಂಗಡಿ ಮುಚ್ಚಿತು ಎಂದು ಬೀದಿಯವರು ಅಂದುಕೊಂಡಿದ್ದರಂತೆ. ಕರ್ಮ ಮುಗಿದ ಮರುದಿನವೇ ಅಕ್ಕ ಬಾಗಿಲು ತೆಗೆದು, ನೀರು ಹಾಕಿ, ರಂಗೋಲಿ ಬಿಟ್ಟು, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತರು. ಕುಸುರಿ ಕೆಲಸಕ್ಕೆ ಕೆಲಸಗಾರರಿದ್ದರು. ತಾಳಿಗೆ ಕರಿಮಣಿ, ಹವಳ ಪೋಣಿಸುವ ಕೆಲಸ ಮಾತ್ರ ಅವರದೇ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆ ಎತ್ತದೆ, ಗಿರಾಕಿಯ ಜೊತೆ ಮಾತಾಡುತ್ತಲೇ ಪೋಣಿಸುತ್ತಿದ್ದರು. ಗಿರಾಕಿ ಸುಳ್ಳು ಹೇಳಿದರೆ ಮಾತ್ರ ತಲೆ ಮೇಲೇಳುತ್ತಿತ್ತು.

ನಾನು ಮೊದಲು ಅವರಲ್ಲಿಗೆ ಹೋದದ್ದು ಒಂದು ಹವಳದ ಉಂಗುರಕ್ಕೆ. ನನಗೆ ಕುಜ ಸರಿಯಿಲ್ಲ, ಹವಳ ಹಾಕಿಕೊಂಡರೆ ಕೋಪ ಇಳಿಯುತ್ತದೆ ಎಂದು ಜೋಯಿಸರು ಹೇಳಿದ್ದರು.

"ಕೋಪ ಯಾರ ಮೇಲೆ ಮೇಷ್ಟ್ರೇ?" ಎಂದರು ಅಕ್ಕ.

"ಮಕ್ಕಳ ಮೇಲೆ. ಅದರಲ್ಲೂ ಎಂಟನೇ ಕ್ಲಾಸು."

"ಉಂಗ್ರ ಮಾಡ್ಕೊಡ್ತೀನಿ, ನನ್ನ ಯಾಪಾರ ಅದು. ಆದ್ರೆ ಕೋಪ ಇಳೀನಿಲ್ಲ ಅಂತ ವಾಪಸ್ ತರಂಗಿಲ್ಲ. ಮೊದ್ಲೇ ಯೋಳಿವ್ನಿ."

ಹೀಗೆ ಶುರುವಾದ ಪರಿಚಯ. ನಾನು ಸಾಯಂಕಾಲ ಅವರ ಅಂಗಡಿಯ ಬೆಂಚಿನಲ್ಲಿ ಕೂತು ಪೇಪರು ಓದುವುದು, ಅವರು ಕಾಫಿ ತರಿಸುವುದು ರೂಢಿಯಾಯಿತು. ಅವರ ಬಾಯಲ್ಲಿ ದಿನಕ್ಕೆ ಎಷ್ಟೋ ಸಲ ಬರುತ್ತಿದ್ದ ಮಾತು "ಆಯ್ತದೆ ಬುಡಿ." ಮದುವೆಗೆ ನಾಳೆಯೇ ಸರ ಬೇಕು ಎಂದು ಗಾಬರಿಯಾಗಿ ಬಂದವರಿಗೂ ಅದೇ, ಮಗಳಿಗೆ ಗಂಡು ಸಿಕ್ಕಲಿಲ್ಲ ಎಂದು ಅಳುತ್ತಾ ಬಂದವರಿಗೂ ಅದೇ. ಆ ಮಾತಿನಲ್ಲಿ ಸಮಾಧಾನಕ್ಕಿಂತ ಅಪ್ಪಣೆ ಹೆಚ್ಚಿತ್ತು. ಆಗದೇ ಇದ್ದರೆ ಅದು ಆ ಕೆಲಸದ ಉದ್ಧಟತನ ಎನ್ನುವ ಹಾಗೆ.

ಹವಳದ ವಿಷಯ ಶುರುವಾದದ್ದು ರಾಮೇಶ್ವರದ ಯಾತ್ರೆಯಲ್ಲಿ. ನಮ್ಮ ಬೀದಿಯವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಹೋಗಿದ್ದೆವು. ದರ್ಶನ, ತೀರ್ಥಸ್ನಾನ ಮುಗಿದ ಮೇಲೆ, ಊರಿಗೆ ಮರಳುವ ದಾರಿಯಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಯಿದೆ, ಸಮುದ್ರದ ಒಳಗೆಲ್ಲ ಕಾಣುತ್ತದೆ ಎಂದು ಯಾರೋ ಹೇಳಿದರು. ಅರ್ಧ ಬಸ್ಸು ನೆರಳು ಹುಡುಕಿಕೊಂಡು ಮಲಗಿತು. ಅಕ್ಕ, ನಾನು, ನನ್ನ ಹೆಂಡತಿ, ಇನ್ನೂ ಕೆಲವರು ಹತ್ತಿದೆವು. ದೋಣಿಯಲ್ಲಿ ಒಬ್ಬ ಹುಡುಗಿ ಇದ್ದಳು. ಉಡುಪಿ ಕಡೆಯವಳು, ಆ ರಾಮೇಶ್ವರದ ತೀರದ ಒಂದು ಸಣ್ಣ ಸಂಸ್ಥೆಯಲ್ಲಿ ಕಡಲ ಹವಳದ ಸಂಶೋಧನೆ ಮಾಡುತ್ತಿದ್ದಳು. ಅವತ್ತು ಯಾವುದೋ ಅಳತೆಯ ಕೆಲಸಕ್ಕೆ ಬಂದಿದ್ದವಳು ಕನ್ನಡ ಕೇಳಿ ನಮ್ಮ ಪಕ್ಕ ಬಂದು ಕೂತಳು.

ಗಾಜಿನ ಕೆಳಗೆ ಹಸಿರು ನೀರು ಸರಿಯುತ್ತಿತ್ತು. ಆಮೇಲೆ ತಳ ಮೇಲೆದ್ದು ಬಂತು. ಎಲೆಕೋಸಿನ ಹಾಗೆ, ಜಿಂಕೆಯ ಕೊಂಬಿನ ಹಾಗೆ ಏನೇನೋ ಆಕಾರಗಳು. ಕೆಲವು ಕಂದು ಬಣ್ಣದವು, ಬಹಳಷ್ಟು ಬೆಳ್ಳಗೆ, ಉಜ್ಜಿ ತೊಳೆದಿಟ್ಟ ಬೆಳ್ಳಿಯಂತೆ. ಅಕ್ಕ ಗಾಜಿನ ಮೇಲೆ ಬಗ್ಗಿದವರು ಏಳಲೇ ಇಲ್ಲ.

"ಎಷ್ಟ್ ಚೆಂದಾಗವೆ ನೋಡಿ ಮೇಷ್ಟ್ರೇ, ಆ ಬಿಳೀವು!"

ಹುಡುಗಿ ಮೆಲ್ಲಗೆ ಹೇಳಿದಳು. "ಅಮ್ಮಾ, ಅದು ಚಂದ ಅಲ್ಲ. ಅವಕ್ಕೆ ಹುಷಾರಿಲ್ಲ."

"ಉಷಾರಿಲ್ವಾ? ಕಲ್ಲಿಗಾ?"

"ಕಲ್ಲಲ್ಲ ಅಮ್ಮ, ಜೀವ ಉಂಟು. ಸಣ್ಣ ಸಣ್ಣ ಪ್ರಾಣಿಗಳು ಸೇರಿ ಕಟ್ಟಿಕೊಂಡ ಸುಣ್ಣದ ಮನೆ ಅದು. ನೀರು ಬಿಸಿಯಾದರೆ ಬಣ್ಣ ಬಿಟ್ಟುಬಿಡ್ತವೆ. ಹಾಗೇ ಬಹಳ ದಿನ ಇದ್ದರೆ ಸಾಯ್ತವೆ. ಮೀನು ಮರಿ ಮಾಡುದೇ ಅದರ ಸಂದಿಯಲ್ಲಿ. ಅದು ಹೋದರೆ ಮೀನೂ ಇಲ್ಲ, ಮೀನು ಹಿಡಿಯುವವರಿಗೆ ಊಟವೂ ಇಲ್ಲ."

ಅಕ್ಕ ತಮ್ಮ ಕೊರಳಿಗೆ ಕೈ ಹಾಕಿ ಅಲ್ಲಿದ್ದ ಹವಳದ ಸರವನ್ನು ಹಿಡಿದುಕೊಂಡರು. "ಇದೂ ಅದೇನಾ?"

ಹುಡುಗಿ ನೋಡಿದಳು. ಈ ಕೆಂಪು ಹವಳ ಇಲ್ಲಿಯದಲ್ಲ, ಬಹಳ ದೂರದ ದೇಶಗಳ ಆಳದ ನೀರಿನಲ್ಲಿ ಬೆಳೆಯುವಂಥದ್ದು, ಜಾತಿ ಬೇರೆ ಎಂದಳು. "ಆದರೆ ಅದಕ್ಕೂ ಜೀವ ಇತ್ತು. ದಾಯಾದಿಗಳು ಅಂತ ಇಟ್ಟುಕೊಳ್ಳಿ."

ಅಕ್ಕ ದಡ ಮುಟ್ಟುವ ತನಕ ಸರ ಹಿಡಿದ ಕೈ ಬಿಡಲಿಲ್ಲ. ಬಸ್ಸು ಹೊರಟ ಮೇಲೆ ನನ್ನ ಹೆಂಡತಿಗೆ ಹೇಳಿದರಂತೆ: "ತಾತನ ಕಾಲದಿಂದ ತೂಕ ಆಕಿ ಮಾರಿವ್ನಿ ಕಣಮ್ಮ. ಜೀವ ಐತೆ ಅಂತ ಒಬ್ರೂ ಯೋಳ್ನಿಲ್ಲ."

ಊರಿಗೆ ಬಂದ ಮೇಲೆ ಅವರು ಹವಳ ಮಾರುವುದನ್ನು ನಿಲ್ಲಿಸಿದರು. ಅದಕ್ಕೊಂದು ಬೋರ್ಡು ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಮಗಳು ಆಗಲೇ ಅಂಗಡಿಯ ವ್ಯವಹಾರ ನೋಡಿಕೊಳ್ಳುತ್ತಿದ್ದಳು, ಅವಳಿಗೆ ಗಾಬರಿ. ನಮ್ಮ ಕಡೆ ಹವಳವಿಲ್ಲದ ತಾಳಿಯನ್ನು ಯಾರು ಕೊಳ್ಳುತ್ತಾರೆ? "ಎಲ್ರೂ ಪಕ್ಕದ ಅಂಗಡಿಗೆ ಓಗ್ತಾರೆ ಕಣವ್ವ" ಎಂದಳು. ಅಕ್ಕನಿಗೆ ಅದಕ್ಕೂ ದಾರಿ ಹೊಳೆದಿತ್ತು. ಮದುವೆಗೆ ತಾಳಿ ಮಾಡಿಸಲು ಬಂದವರಿಗೆ, "ಅಜ್ಜಿದು, ಅತ್ತೇದು ಹಳೇ ಹವಳ ಇದ್ರೆ ತಗೊಂಬನ್ನಿ. ಪಾಲಿಶ್ ಮಾಡಿ ಅದನ್ನೇ ಪೋಣಿಸ್ಕೊಡ್ತೀನಿ. ಬಾಳಿ ಬದುಕಿದೋರ ಹವಳ, ಹೊಸದಕ್ಕಿಂತ ವಾಸಿ" ಎನ್ನುತ್ತಿದ್ದರು. ಹಳೆಯದು ಇಲ್ಲದವರಿಗೆ ತಮ್ಮ ಕೊರಳಿನ ಸರವನ್ನು ಬಿಡಿಸಿ ಎರಡೆರಡು ಮಣಿ ಕೊಟ್ಟರು. ಸರ ಮುಗಿಯುವ ಹೊತ್ತಿಗೆ ಊರಿಗೆ ವಿಷಯ ಗೊತ್ತಾಗಿತ್ತು. ಗಿರಾಕಿ ಕೊಂಚ ಕಡಿಮೆಯಾದರು, ಅಂಗಡಿ ಮುಚ್ಚಲಿಲ್ಲ.

ಒಂದು ಶನಿವಾರ ಕರಿಘಟ್ಟದ ಮೆಟ್ಟಿಲು ಹತ್ತುವಾಗ ಅವರು ಮುಂದಿನ ಮಾತು ತೆಗೆದರು. ನಾನು ಏದುಸಿರು ಬಿಡುತ್ತಿದ್ದೆ, ಅವರು ಮಾತಾಡುತ್ತಲೇ ಹತ್ತುತ್ತಿದ್ದರು.

"ಮಾರೋದು ಬುಟ್ಟೆ. ಬುಟ್ಟಿದ್ದಕ್ಕೆ ಅದಕ್ಕೇನಾಯ್ತು? ಏನೂ ಆಗ್ನಿಲ್ಲ. ಏನಾರ ಮಾಡ್ಬೇಕಲ್ಲ."

ಅವರು ಯೋಚಿಸಿದ್ದು ಅಂಗಡಿಯ ಕಸದ ಬಗ್ಗೆ. ಅಕ್ಕಸಾಲಿಗರ ಅಂಗಡಿಯಲ್ಲಿ ಕಸವನ್ನು ಬೀದಿಗೆ ಗುಡಿಸುವುದಿಲ್ಲ. ಅರದಿಂದ ಉಜ್ಜುವಾಗ ಉದುರಿದ ಪುಡಿ, ಒಲೆಯ ಬೂದಿ, ಕೈ ತೊಳೆದ ನೀರಿನ ತಳ, ಎಲ್ಲದರಲ್ಲೂ ಕಣ್ಣಿಗೆ ಕಾಣದಷ್ಟು ಚಿನ್ನ ಇರುತ್ತದೆ. ಅದನ್ನು ಚೀಲದಲ್ಲಿ ಕೂಡಿಟ್ಟರೆ ವರ್ಷಕ್ಕೊಮ್ಮೆ ಹೊರಗಿನಿಂದ ಬಂದವರು ಕೊಂಡು ಹೋಗಿ ಚಿನ್ನ ಬೇರ್ಪಡಿಸಿಕೊಳ್ಳುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕೂ ಊರಿನ ಅಂಗಡಿಗಳವರು ಆ ಕಸದಲ್ಲಿ ಅರ್ಧ ಕೊಟ್ಟರೆ, ಅದನ್ನು ಮಾರಿ ಬಂದ ಹಣವನ್ನು ಸಂಘದ ಮೂಲಕ ಉಡುಪಿಯ ಹುಡುಗಿಯ ಸಂಸ್ಥೆಗೆ ಕಳಿಸಬೇಕು ಎನ್ನುವುದು ಅಕ್ಕನ ಲೆಕ್ಕಾಚಾರ. ಇಂಗ್ಲಿಷಿನ ಪತ್ರವ್ಯವಹಾರ ನನ್ನ ಪಾಲಿಗೆ. ಕೇಳಿದ್ದಲ್ಲ, ಹೇಳಿದ್ದು.

"ನಮ್ಮ ಕಾವೇರಿಗೇ ಎಷ್ಟೋ ಕೆಲಸ ಬಾಕಿ ಇದೆಯಲ್ಲ ಅಕ್ಕ, ಅಷ್ಟು ದೂರದ ಸಮುದ್ರಕ್ಕೆ ಯಾಕೆ ಅಂತ ಕೇಳ್ತಾರೆ" ಎಂದೆ. ಕೆಳಗೆ ಲೋಕಪಾವನಿ ಹೊಳೆ ಹೋಗಿ ಕಾವೇರಿಗೆ ಸೇರುವುದು ಕಾಣುತ್ತಿತ್ತು.

"ಇದು ಕೊನೆಗೆ ಎಲ್ಲಿಗೋಯ್ತದೆ?"

"ಸಮುದ್ರಕ್ಕೇ. ಆದರೆ ಆ ಹವಳ ಇರೋ ಕಡೆಗಲ್ಲ, ಅದಕ್ಕಿಂತ ಮೇಲೆ."

"ಸಮುದ್ರಕ್ಕೆ ಕಾಂಪೌಂಡ್ ಕಟ್ಟವ್ರಾ ಮೇಷ್ಟ್ರೇ?" ಎಂದು ಅಕ್ಕ ಇನ್ನೂ ಬೇಗ ಹತ್ತಿದರು.

ಆ ವರ್ಷ ನಾವಿಬ್ಬರೂ ತಿರುಗಿದಷ್ಟು ನಾನು ಸರ್ವೀಸಿನಲ್ಲಿದ್ದಾಗಲೂ ತಿರುಗಿರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ. ಅಕ್ಕ ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ ಕೂರುತ್ತಿದ್ದರು, ನಾನು ಕಂಡಕ್ಟರಿಗೆ ಚಿಲ್ಲರೆ ಹುಡುಕುತ್ತಿದ್ದೆ. "ನೋಡಿ, ಸರ್ಕಾರಾನೂ ನಮ್ಮ ಕೆಲ್ಸಕ್ಕೆ ಸೇರ್ಕೊಂಡೈತೆ" ಎಂದು ನಗುತ್ತಿದ್ದರು. ಪಾಂಡವಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಅಂಗಡಿಗಳಿದ್ದವು. ಮೇಷ್ಟ್ರ ಮುಖ ನೋಡಿ ಒಪ್ಪಿದರು. ಅಕ್ಕನಿಗೆ ಅದು ಸರಿಬರಲಿಲ್ಲ. "ಮುಖ ನೋಡಿ ಕೊಟ್ಟೋರು ಮುಖ ಮರೆತಾಗ ನಿಲ್ಲಿಸ್ತಾರೆ" ಎಂದು ಮತ್ತೆ ಒಳಗೆ ಹೋಗಿ, ಹವಳ ಎಂದರೇನು, ಅದಕ್ಕೆ ಏನಾಗಿದೆ ಎಂದು ಮೊದಲಿನಿಂದ ವಿವರಿಸಿ ಬಂದರು.

ಕಷ್ಟವಾದದ್ದು ಅವರ ತವರು ನಾಗಮಂಗಲದಲ್ಲಿ. ಅಲ್ಲಿನ ಅಕ್ಕಸಾಲಿಗರಲ್ಲಿ ಹಿರಿಯರಾದ ಒಬ್ಬ ಯಜಮಾನರಿದ್ದರು. ದೂರದಿಂದ ಅಕ್ಕನಿಗೆ ಅಣ್ಣನಾಗಬೇಕು. ಅವರು ಒಪ್ಪಿದರೆ ಆ ಬೀದಿಯೇ ಒಪ್ಪಿದ ಹಾಗೆ. ಅಂಗಡಿಯಲ್ಲಿ ಕೆಲಸಗಾರರೆಲ್ಲರ ಎದುರೇ ಅವರು ಕೇಳಿದರು.

"ಕಸದ ದುಡ್ಡಲ್ಲಿ ದೀಪಾವಳಿಗೆ ಇವ್ರಿಗೆಲ್ಲ ಬಟ್ಟೆ ಕೊಡ್ತೀನಿ ಕಣವ್ವ. ಅದನ್ನ ಕಿತ್ತು ಸಮುದ್ರಕ್ಕಾಕು ಅಂತೀಯಾ?"

"ಬಟ್ಟೇನ ಲಾಭದಾಗೆ ಕೊಡಣ್ಣ. ಕಸದಾಗ್ಯಾಕೆ ಕೊಡ್ತೀಯ?"

ಕೆಲಸಗಾರನೊಬ್ಬ ನಕ್ಕುಬಿಟ್ಟ. ಯಜಮಾನರು ಅವನ ಕಡೆ ತಿರುಗಿ "ಏನ್ಲಾ ನಗ್ತೀಯಾ, ಕೆಲ್ಸ ನೋಡ್ಲಾ" ಎಂದರು. ಅವರಿಗೂ ನಗು ಬಂದಿತ್ತು. ಆದರೂ ಸುಮ್ಮನೆ ಬಿಡಲಿಲ್ಲ. "ಅದು ನಮ್ಗೆ ಏನಾಗ್ಬೇಕು? ಅದನ್ನ ಯೋಳು."

ಅಕ್ಕ ಅಲ್ಲಿದ್ದ ಹವಳದ ಮಣಿಯೊಂದನ್ನು ಎತ್ತಿ ಅವರ ಮುಂದಿಟ್ಟರು. "ನಮ್ಮಪ್ಪ, ನಿಮ್ಮಪ್ಪ, ಅವ್ರಪ್ಪ, ಎಲ್ರೂ ಹವಳ ಮಾರಿ ಅನ್ನ ಉಂಡವ್ರೆ. ಒಬ್ರೂ ಅದರ ಕಡೆ ತಿರುಗಿ ನೋಡ್ನಿಲ್ಲ. ಗೊತ್ತಿರ್ಲಿಲ್ಲ, ಸರಿ. ಈಗ ಗೊತ್ತಾಯ್ತಲ್ಲಣ್ಣ?"

"ನೋಡಾವ" ಎಂದರು ಯಜಮಾನರು. ಆ ವರ್ಷ ನಾಗಮಂಗಲದ ಚೀಲವೂ ಬಂತು.

ಹಣ ಕಡಲತೀರಕ್ಕೆ ಹೋದ ಮೇಲೆ ಅಕ್ಕ ಒಂದು ತಪ್ಪು ಮಾಡಿದರು. ಇದನ್ನು ನಾನು ಮುಚ್ಚಿಟ್ಟರೆ ಅವರೇ ಒಪ್ಪುವುದಿಲ್ಲ. ಉಡುಪಿಯ ಹುಡುಗಿಗೆ ಬೇಕಾಗಿದ್ದದ್ದು ಬೇರೆ. ಹವಳದ ದಿಬ್ಬಕ್ಕೆ ಸಿಕ್ಕಿಕೊಂಡ ಹರಕು ಬಲೆ ಬಿಡಿಸುವುದು, ದೋಣಿಗಳ ಲಂಗರು ಅದರ ಮೇಲೆ ಬೀಳದ ಹಾಗೆ ತೇಲುವ ಗುರುತು ಕಟ್ಟುವುದು, ಅಲ್ಲಿನ ಹೆಂಗಸರಿಗೆ ಕೂಲಿ ಕೊಟ್ಟು ಕಾವಲು ಇಡುವುದು. ಸಂಸ್ಥೆ ಸಿಮೆಂಟಿನ ಚೌಕಟ್ಟಿಗೆ ಹವಳದ ತುಂಡು ಕಟ್ಟಿ ನೀರಿನಲ್ಲಿ ಇಡುವ ಕೆಲಸವನ್ನೂ ಮಾಡುತ್ತಿತ್ತು. ಅಕ್ಕನಿಗೆ ಅದೇ ಹಿಡಿಸಿತು.

"ಇದು ನಮ್ಮ ನಾಟಿ ಇದ್ದಂಗೆ. ಪೈರು ಕಿತ್ತು ಗದ್ದೇಲಿ ನೆಡೋದು. ಕಣ್ಣಿಗೆ ಕಾಣ್ತದೆ. ಬಲೆ ಬಿಡ್ಸಿದ್ವಿ ಅಂದ್ರೆ ಅಂಗಡಿಯವ್ರಿಗೆ ಏನ್ ತೋರ್ಸ್ಲಿ?"

ಫೋನಿನಲ್ಲಿ ಹುಡುಗಿ ಮತ್ತೆ ಮತ್ತೆ ಹೇಳಿದಳು. "ಅಮ್ಮ, ಸ್ವಲ್ಪ ನೆಡುವ. ಎಲ್ಲವನ್ನೂ ಅದಕ್ಕೇ ಹಾಕುದು ಬೇಡ. ಬೇಸಿಗೆ ಜೋರಾದರೆ ನೆಟ್ಟದ್ದೇ ಮೊದಲು ಹೋಗುದು."

"ಆಯ್ತದೆ ಬುಡು ಮಗ" ಎಂದರು ಅಕ್ಕ.

ನೆಟ್ಟದ್ದರ ಫೋಟೋಗಳು ಬಂದವು. ನೀಲಿ ನೀರಿನಲ್ಲಿ ಸಾಲು ಸಾಲು ಚೌಕಟ್ಟು, ಒಂದೊಂದಕ್ಕೂ ಬೆರಳುದ್ದದ ಹವಳದ ಕೊಂಬೆಗಳು. ಅಕ್ಕ ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಾಲ್ಕೂ ಊರಿನ ಅಂಗಡಿಗಳಿಗೆ ಹಂಚಿದರು. ಲಕ್ಷ್ಮಿಯ ಫೋಟೋ ಪಕ್ಕದಲ್ಲೇ ಅದನ್ನು ತೂಗುಹಾಕಿಕೊಂಡವರೂ ಇದ್ದರು.

ಮರುವರ್ಷದ ಬೇಸಿಗೆ ಹೇಗಿತ್ತೆಂದರೆ ನಮ್ಮಲ್ಲೇ ಕಾವೇರಿ ಕಲ್ಲುಗಳ ನಡುವೆ ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಅಲ್ಲಿ ಸಮುದ್ರ ಕಾಯಿತು. ಸಂಸ್ಥೆಯಿಂದ ಇಂಗ್ಲಿಷಿನಲ್ಲಿ ವರದಿ ಬಂತು. ನಾನು ಅಂಗಡಿಯ ಬೆಂಚಿನಲ್ಲಿ ಕೂತು ಓದಿ ಹೇಳಿದೆ. ಸವಾಲಿನ ಹಂಗಾಮು, ನಿರೀಕ್ಷೆಗಿಂತ ಕಡಿಮೆ ಉಳಿವು, ಹೀಗೆ ಅದರ ಭಾಷೆಯನ್ನೇ ಕನ್ನಡಕ್ಕೆ ತಂದೆ. ಅಕ್ಕನ ಕೈ ನಿಂತಿತು. ತಲೆ ಮೇಲೆದ್ದಿತು.

"ಸತ್ತೋದ್ವು ಅನ್ನಕ್ಕೆ ಕನ್ನಡದಾಗೆ ಪದ ಇಲ್ವಾ ಮೇಷ್ಟ್ರೇ?"

ನಾನು ಕಾಗದ ಮಡಿಸಿದೆ. "ಹೌದಕ್ಕ. ನೆಟ್ಟದ್ದರಲ್ಲಿ ಹೆಚ್ಚಿನದು ಸತ್ತುಹೋಯಿತು."

ಅವರು ಪೋಣಿಸುತ್ತಿದ್ದ ಸರವನ್ನು ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರು. ಅವತ್ತು ಕಾಫಿ ಬರಲಿಲ್ಲ.

ಸಂಘದ ವಾರ್ಷಿಕ ಸಭೆ ಕೃಷ್ಣರಾಜಪೇಟೆಯಲ್ಲಿ. ಹೋಗುವ ದಾರಿಯಲ್ಲಿ, ಮೊದಲು ಸಂಸ್ಥೆಯ ಒಳ್ಳೆಯ ಕೆಲಸಗಳನ್ನು ಹೇಳಿ ಕೊನೆಗೆ ಇದನ್ನು ಸೂಕ್ಷ್ಮವಾಗಿ ತಿಳಿಸೋಣ ಎಂದೆ. ಅಕ್ಕ ಕಿಟಕಿಯಾಚೆ ಕಬ್ಬಿನ ಗಾಡಿಗಳನ್ನು ನೋಡುತ್ತಾ ಕೂತಿದ್ದರು. ಸಭೆಯಲ್ಲಿ ನನ್ನನ್ನು ಮಾತಾಡಲು ಬಿಡದೆ ತಾವೇ ಎದ್ದರು.

"ನಿಮ್ಮ ಕಸದ ದುಡ್ಡಲ್ಲಿ ನೆಟ್ಟ ಹವಳ ಸತ್ತೋಯ್ತು. ಎಲ್ಲೋ ಒಂದೊಂದು ಉಳಿದೈತೆ, ಯೋಳ್ಕೊಳ್ಳೋ ಅಂಗಿಲ್ಲ. ಬಿಸ್ಲು ಜಾಸ್ತಿ ಆಯ್ತು, ಅದು ದೇವ್ರ ಕೈಲಿ. ಆದ್ರೆ ನೆಡೋದಕ್ಕೇ ಎಲ್ಲಾ ಸುರೀಬೇಡಿ ಅಂತ ಆ ಹುಡ್ಗಿ ಬಡ್ಕೊಂಡ್ಲು. ನಾನು ಕ್ಯೋಳ್ನಿಲ್ಲ. ನಿಮ್ಗೆ ಫೋಟೋ ತೋರ್ಸೋ ಆಸೆ ನಂಗೆ. ತಪ್ಪು ನಂದು. ಅವಳ್ದಲ್ಲ, ಮೇಷ್ಟ್ರುದಲ್ಲ."

ಸಭೆ ಗುಜುಗುಜು ಎಂದಿತು. ಪಾಂಡವಪುರದವನೊಬ್ಬ ಎದ್ದು, ಹಾಗಾದರೆ ಇನ್ನು ಯಾಕೆ ಕಳಿಸಬೇಕು, ನಿಲ್ಲಿಸಿಬಿಡೋಣ ಎಂದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಕ್ಕ ಅವನ ಕಡೆ ತಿರುಗಿದರು. "ಮೊದ್ಲನೇ ಸಲಿ ಬೆಸುಗೆ ಆಕ್ದಾಗ ಚಿನ್ನ ಕರಗಿಸಿ ಕೆಡಿಸ್ನಿಲ್ವೇನಪ್ಪ ನೀನು? ಅವತ್ತೇ ನಿಮ್ಮಪ್ಪ ಊದುಗೊಳವೆ ಕಿತ್ಕೊಂಡು ಮನೆಗೆ ಕಳಿಸಿದ್ನಾ? ಇನ್ನೊಂದ್ ಸಲಿ ಕೇಳ್ತೀನಿ. ಈ ಸಲಿ ಬಲೆ ಬಿಡ್ಸಕ್ಕೆ, ಕಾವಲಿಗೆ. ತೋರ್ಸಕ್ಕೆ ಫೋಟೋ ಇರಾಕಿಲ್ಲ. ಇಷ್ಟ ಇದ್ದೋರು ಕೊಡಿ, ಇಲ್ದೋರು ಬ್ಯಾಡ. ಬ್ಯಾಡ ಅಂದೋರ ಮೇಲೆ ನಂಗೇನೂ ಬೇಜಾರಿಲ್ಲ."

ಹಿಂದಿನ ಸಾಲಿನಿಂದ ನಾಗಮಂಗಲದ ಯಜಮಾನರು ಕೋಲೂರಿಕೊಂಡು ಎದ್ದರು. ಅವರು ಏನು ಹೇಳುತ್ತಾರೋ ಎಂದು ನಾನು ಅಕ್ಕನ ಮುಖ ನೋಡಿದೆ.

"ನಾನು ಇಷ್ಟು ವರ್ಷದಲ್ಲಿ ಯಾವ್ಯಾವ್ದಕ್ಕೋ ಚಂದಾ ಕೊಟ್ಟಿವ್ನಿ. ಕೊಟ್ಟ ದುಡ್ಡು ಹಾಳಾಯ್ತು ಅಂತ ವಾಪಸ್ ಬಂದು ಯೋಳಿದೋರನ್ನ ಇವತ್ತೇ ನೋಡಿದ್ದು. ನಂದು ಅರ್ಧ ಅಲ್ಲ, ಪೂರಾ ಚೀಲ ಬರ್ಕೊಳ್ಳಿ."

ಎಲ್ಲರೂ ಹಾಗೇ ಮಾಡಲಿಲ್ಲ. ಪಾಂಡವಪುರದ ಕೆಲವರು ಹಿಂದೆ ಸರಿದರು; ಕೃಷ್ಣರಾಜಪೇಟೆಯಲ್ಲೂ ಇಬ್ಬರು ಮೂವರು ಬಿಟ್ಟರು. ಆದರೆ ಉಳಿದವರು ಇವತ್ತಿನವರೆಗೂ ಉಳಿದಿದ್ದಾರೆ. ಬಸ್ ಸ್ಟ್ಯಾಂಡಿಗೆ ಬಂದವರೇ ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟರು. "ಎಲ್ಲಾ ಎದ್ದೋಗ್ತಾರೆ ಅಂದ್ಕೊಂಡಿದ್ದೆ" ಎಂದರು. ಅವರ ಬಾಯಲ್ಲಿ ಅನುಮಾನದ ಮಾತು ನಾನು ಕೇಳಿದ್ದು ಅದೊಂದೇ ಸಲ.

ಆಮೇಲಿನ ವರ್ಷಗಳಲ್ಲಿ ಅವರು ಹುಡುಗಿಯ ಮಾತಿಗೆ ಎದುರಾಡಲಿಲ್ಲ. ಹಣದ ಬಗ್ಗೆ ಒಂದೇ ಷರತ್ತು ಹಾಕಿದರು: ಕೆಲಸ ಮಾಡುವ ಹೆಂಗಸರ ಕೂಲಿ ನೇರವಾಗಿ ಅವರ ಕೈಗೇ ಹೋಗಬೇಕು, ನಡುವೆ ಯಾರೂ ಇರಬಾರದು. ಆ ಹೆಂಗಸರು ಮೊದಲು ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕೀಳುತ್ತಿದ್ದವರು. ಉಸಿರು ಹಿಡಿದು ಕೆಳಗಿಳಿದು, ಹವಳ ಮುರಿಯದ ಹಾಗೆ ಬಲೆಯನ್ನು ಒಂದೊಂದೇ ಎಳೆ ಕತ್ತರಿಸಿ ತೆಗೆಯಲು ಅವರಿಗಿಂತ ಗಟ್ಟಿಗರು ಬೇರೆ ಇರಲಿಲ್ಲ. ಅವರ ಮುಖ್ಯಸ್ಥೆ ಅಕ್ಕನಷ್ಟೇ ವಯಸ್ಸಿನವಳು. ಅವಳು ತಮಿಳಿನಲ್ಲಿ, ಅಕ್ಕ ಕನ್ನಡದಲ್ಲಿ ಫೋನಿನಲ್ಲೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದರು. ಏನಂದಳು ಎಂದು ಕೇಳಿದರೆ "ಅರ್ಥ ಆಗ್ನಿಲ್ಲ, ಆದ್ರೆ ಸರಿಯಾಗೇ ಯೋಳಿದ್ಲು" ಎನ್ನುತ್ತಿದ್ದರು.

ಬಿಸಿಲು ಮತ್ತೆ ಬಂತು, ಹವಳ ಮತ್ತೆ ಬೆಳ್ಳಗಾಯಿತು. ಆದರೆ ಬಲೆ ತೆಗೆದು, ಲಂಗರು ತಪ್ಪಿಸಿದ್ದ ಒಂದು ದಿಬ್ಬದಲ್ಲಿ ಮಳೆಗಾಲ ಕಳೆದ ಮೇಲೆ ಬಣ್ಣ ಮರಳಿತು ಎಂದು ಹುಡುಗಿ ತಿಳಿಸಿದಳು. ಇದು ನಮ್ಮ ಕೆಲಸದಿಂದಲೇ ಎಂದು ಹೇಳಲಾರೆ, ಆದರೆ ಗಾಯವಿಲ್ಲದ ಮೈ ಜ್ವರವನ್ನು ತಡೆದುಕೊಳ್ಳುತ್ತದೆ ಎಂದಳು. ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು. ನಾಲ್ಕೂ ಊರಿಗೆ ಅದನ್ನು ಅಷ್ಟೇ ಅಳತೆಯಲ್ಲಿ ಹೇಳಬೇಕು, ಒಂದು ಗುಲಗಂಜಿ ತೂಕ ಹೆಚ್ಚಿಗೆ ಹೇಳಬಾರದು ಎಂದು ನನಗೆ ತಾಕೀತು ಮಾಡಿದರು.

ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಕನ ಹೃದಯ ಸೋತಿತ್ತು. ಮೈಸೂರಿನ ಡಾಕ್ಟರು ದೂರ ಪ್ರಯಾಣ ಬೇಡ ಎಂದಿದ್ದರು. "ಕೂತಲ್ಲೇ ಕೂತು ಸಾಯಕ್ಕೆ ಡಾಕ್ಟ್ರು ಯಾಕೆ ಬೇಕು?" ಎಂದು ಅಕ್ಕ ಮಗಳನ್ನೂ ನನ್ನನ್ನೂ ಹೊರಡಿಸಿಕೊಂಡು ಕಡಲತೀರಕ್ಕೆ ಬಂದರು. ಆ ದಿಬ್ಬವನ್ನು ನೋಡಬೇಕಿತ್ತು. ಗಾಜಿನ ದೋಣಿ ಅಲ್ಲಿಗೆ ಹೋಗುವುದಿಲ್ಲ. ಸಣ್ಣ ದೋಣಿಯಲ್ಲಿ ಹೋಗಿ, ನೀರಿಗಿಳಿದು, ಮುಖಕ್ಕೆ ಗಾಜು ಕಟ್ಟಿಕೊಂಡು ನೋಡಬೇಕು. ಹುಡುಗಿಯೇ ಬೇಡ ಎಂದಳು. ದೋಣಿಯಲ್ಲಿ ಕೂತಿರಿ, ಕ್ಯಾಮರಾದಲ್ಲಿ ತೋರಿಸುತ್ತೇನೆ ಎಂದಳು.

"ಫೋಟೋ ಸಾಕಾಯ್ತು ಮಗ" ಎಂದರು ಅಕ್ಕ.

ಸುತ್ತ ಕಾವೇರಿ ಹರಿಯುವ ಊರಿನಲ್ಲಿ ಬಾಳಿದ ಹೆಂಗಸು, ಮಂಡಿಗಿಂತ ಮೇಲೆ ನೀರಿಗೆ ಇಳಿದವರೇ ಅಲ್ಲ. ಮೆಟ್ಟಿಲ ಮೇಲೆ ನಿಂತು ಚೊಂಬಿನಲ್ಲಿ ಹೊಯ್ದುಕೊಂಡದ್ದೇ ಸ್ನಾನ. ಅವರನ್ನು ಬಲೆ ಬಿಡಿಸುವ ಹೆಂಗಸರು ಸುತ್ತುವರಿದು, ಸೀರೆಯ ಮೇಲೆ ಒಂದು ಗಂಡಸರ ಅಂಗಿ ತೊಡಿಸಿ, ಅದರ ಮೇಲೆ ತೇಲುವ ಜಾಕೆಟ್ಟು ಬಿಗಿದರು. ಮಗಳು ಅಳುತ್ತಿದ್ದಳು. ಅಕ್ಕ ಅವಳಿಗೆ ಕನ್ನಡಕ ತೆಗೆದುಕೊಟ್ಟು, "ಒಡೆದಾಕ್ಬುಟ್ಟೀಯ, ಉಷಾರು" ಎಂದರು. ಮುಖ್ಯಸ್ಥೆ ಮೊದಲು ಇಳಿದು ಕೈ ಚಾಚಿದಳು. ಅಕ್ಕ ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ, ರಂಗನಾಥಾ ಎಂದು ಇಳಿದೇಬಿಟ್ಟರು.

ಬೆಳಗಿನ ಬಿಸಿಲು. ನೀರು ಅಲುಗುತ್ತಿರಲಿಲ್ಲ. ಎರಡೂ ಕಡೆ ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು, ಅಕ್ಕ ಮುಖ ಕೆಳಗೆ ಮಾಡಿ ತೇಲುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಕಿತ್ತಳೆ ಬಣ್ಣದ ಜಾಕೆಟ್ಟು, ಒದ್ದೆಯ ಬಿಳಿಗೂದಲು, ನೀರಿನಲ್ಲಿ ಹರಡಿಕೊಂಡ ಸೀರೆಯ ಸೆರಗು. ಅಲುಗಾಟವೇ ಇಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು. ಹುಡುಗಿ ನೀರಿಗೆ ಹಾರಲು ಎದ್ದು ನಿಂತಳು.

ಅಷ್ಟರಲ್ಲಿ ಅಕ್ಕ ತಲೆ ಎತ್ತಿದರು. ಬಾಯಲ್ಲಿದ್ದ ಕೊಳವೆ ಉಗಿದು, ಉಪ್ಪುನೀರು ಕೆಮ್ಮಿ, ಗಾಜನ್ನು ಹಣೆಗೆ ಸರಿಸಿದರು. ಕಣ್ಣು ಕೆಂಪಾಗಿದ್ದವು.

"ಹೇಗಿದೆ ಅಕ್ಕ? ಬಣ್ಣ ಬಂದಿದೆಯಾ? ಮೀನು ಇದಾವಾ?" ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು.

ಅವರು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು, ಅಂಗಡಿಯಲ್ಲಿ ಗದ್ದಲ ಮಾಡುವ ಗಿರಾಕಿಗಳನ್ನು ನೋಡುವ ಹಾಗೆ.

"ಸುಮ್ನಿರ್ರೀ ಅತ್ಲಾಗೆ. ಇನ್ನೂ ಪೂರಾ ನೋಡಿಲ್ಲ ನಾನು" ಎಂದು ಗಾಜನ್ನು ಕಣ್ಣಿಗೆ ಎಳೆದುಕೊಂಡು ಮತ್ತೆ ನೀರಿಗೆ ಮುಖ ಹಾಕಿದರು.